ಪಂಕ್ತಿಯ ಊಟ, ಕಾದಿರಿಸಿದ ಮೇಜು: ಡಿಸ್ನಿಯ ಹಡಗು ಮತ್ತು ರೆಸಾರ್ಟ್‌ಗಳ ಊಟದ ವ್ಯವಸ್ಥೆ

ವಾಲ್ಟ್ ಡಿಸ್ನಿ ಕಂಪನಿ ನೆಲದ ಮೇಲೂ ಊಟ ಹಾಕುತ್ತದೆ, ನೀರಿನ ಮೇಲೂ ಹಾಕುತ್ತದೆ. ಫ್ಲೋರಿಡಾದ ಒರ್ಲ್ಯಾಂಡೊ ಸಮೀಪದ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದಾಗ ಪಾರ್ಕಿನ ಜೊತೆಗೇ ಕಂಟೆಂಪರರಿ ಮತ್ತು ಪಾಲಿನೇಷಿಯನ್ ಎಂಬ ಎರಡು ರೆಸಾರ್ಟ್‌ಗಳೂ ಶುರುವಾದವು. ಇಂದು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ರೆಸಾರ್ಟ್‌ಗಳಿವೆ, ಒಂದೊಂದರಲ್ಲೂ ತನ್ನದೇ ಊಟದ ಏರ್ಪಾಡಿದೆ. ಕಂಪನಿಯ ಮೊದಲ ಹಡಗು ಡಿಸ್ನಿ ಮ್ಯಾಜಿಕ್ ಪೋರ್ಟ್ ಕ್ಯಾನವರಲ್ ಬಂದರಿನಿಂದ ಹೊರಟದ್ದು 1998ರ ಜುಲೈ 30ರಂದು. ಪಾರ್ಕಿನಿಂದ ಆ ಬಂದರಿಗೆ ರಸ್ತೆಯಲ್ಲಿ ಒಂದು ಗಂಟೆಯ ಹಾದಿ. ನಾಲ್ಕು ದಿನ ರೆಸಾರ್ಟಿನಲ್ಲಿದ್ದು ಆಮೇಲೆ ಹಡಗು ಹತ್ತುವ ಕುಟುಂಬಗಳು ಬೇಕಾದಷ್ಟಿವೆ. ಒಡೆಯರು ಒಬ್ಬರೇ, ಗಿರಾಕಿಗಳೂ ಹೆಚ್ಚುಕಡಿಮೆ ಅವರೇ. ಮಿಕ್ಕಿಯ ಕಿವಿಯಿಂದ ಹಿಡಿದು ಮಕ್ಕಳ ಮೆನುವಿನವರೆಗೆ ಅಲಂಕಾರವೂ ಒಂದೇ ಮನೆಯದು. ಆದರೂ ಎರಡು ಕಡೆಯ ಊಟದ ಅನುಭವಕ್ಕೆ ಅಜಗಜಾಂತರವಿದೆ.

ಹಡಗಿನ ಪದ್ಧತಿಯಿಂದ ಆರಂಭಿಸಬಹುದು. 2011ರಲ್ಲಿ ಬಂದ ಡಿಸ್ನಿ ಡ್ರೀಮ್ ಸುಮಾರು 4,000 ಪ್ರಯಾಣಿಕರ ಹಡಗು. ರಾತ್ರಿಯೂಟಕ್ಕೆ ಅದರಲ್ಲಿ ರಾಯಲ್ ಪ್ಯಾಲೇಸ್, ಎನ್ಚಾಂಟೆಡ್ ಗಾರ್ಡನ್, ಅನಿಮೇಟರ್ಸ್ ಪ್ಯಾಲೆಟ್ ಎಂಬ ಮೂರು ದೊಡ್ಡ ಭೋಜನಶಾಲೆಗಳಿವೆ. ಸಂಜೆ 5.45ಕ್ಕೆ ಒಂದು ಪಂಕ್ತಿ, ರಾತ್ರಿ 8.15ಕ್ಕೆ ಇನ್ನೊಂದು. ಪ್ರತಿ ಕುಟುಂಬವೂ ಇವತ್ತು ಒಂದು ಶಾಲೆಯಲ್ಲಿ, ನಾಳೆ ಮತ್ತೊಂದರಲ್ಲಿ, ನಾಡಿದ್ದು ಮೂರನೆಯದರಲ್ಲಿ ಸರದಿಯಂತೆ ಉಣ್ಣುತ್ತದೆ. ಪಂಕ್ತಿಯ ವೇಳೆ, ನಿಗದಿಯಾದ ಮೇಜು ಇವೆಲ್ಲ ಹಳೆಯ ಪ್ರಯಾಣಿಕ ಹಡಗುಗಳಿಂದಲೂ ನಡೆದುಬಂದವು. ಡಿಸ್ನಿ ಮಾಡಿದ ಮಾರ್ಪಾಡು ಬೇರೆ: ಕುಟುಂಬ ಶಾಲೆಯಿಂದ ಶಾಲೆಗೆ ಹೋದಂತೆ ಬಡಿಸುವವರೂ ಅದರ ಹಿಂದೆಯೇ ಹೋಗುತ್ತಾರೆ. ಒಬ್ಬ ಸರ್ವರ್, ಒಬ್ಬ ಸಹಾಯಕ, ಮೇಲ್ವಿಚಾರಣೆಗೆ ಒಬ್ಬ ಹೆಡ್ ಸರ್ವರ್. ಯಾನ ಮುಗಿಯುವವರೆಗೂ ಮುಖಗಳು ಬದಲಾಗುವುದಿಲ್ಲ.

ಈ ಏರ್ಪಾಡಿನ ಫಲ ಕಾಣುವುದು ಎರಡನೆಯ ರಾತ್ರಿ. ಮೊದಲ ರಾತ್ರಿ ಯಾರು ಏನು ಕೇಳಿದರು ಎಂಬುದನ್ನು ಸಹಾಯಕ ಗಮನಿಸಿರುತ್ತಾನೆ. ಮರುದಿನ ಬೇರೊಂದು ಶಾಲೆಯಲ್ಲಿ ಕುಟುಂಬ ಬಂದು ಕೂರುವಷ್ಟರಲ್ಲಿ ಅಜ್ಜಿಯ ಜಾಗದಲ್ಲಿ ಐಸ್ ಹಾಕದ ನೀರು, ಮಗುವಿನ ಮುಂದೆ ಹಾಲಿನ ಲೋಟ ಸಿದ್ಧ. ಮಾಂಸದ ತುಂಡನ್ನು ಸಣ್ಣದಾಗಿ ಕತ್ತರಿಸಿ, ತಟ್ಟೆಯ ಅಂಚಿನಲ್ಲಿ ಕೆಚಪ್‌ನಿಂದ ಮಿಕ್ಕಿಯ ಮುಖ ಬರೆದು ಮಗುವಿಗೆ ಕೊಡುವುದು ಇಲ್ಲಿನ ಸರ್ವರ್‌ಗಳಲ್ಲಿ ರೂಢಿ. ಮೂರನೆಯ ರಾತ್ರಿಗೆ ಮಗು ಅವರನ್ನು ಹೆಸರು ಹಿಡಿದು ಕರೆಯುತ್ತಿರುತ್ತದೆ. ಬೀಜಕಾಯಿಗಳ ಅಲರ್ಜಿ ಇರುವವರು ಮೊದಲ ದಿನ ಒಮ್ಮೆ ಹೇಳಿದರೆ ಸಾಕು. ನಾಳಿನ ಮೆನುವನ್ನು ಹೆಡ್ ಸರ್ವರ್ ಹಿಂದಿನ ರಾತ್ರಿಯೇ ತಂದು ತೋರಿಸಿ, ಏನನ್ನು ಹೇಗೆ ಬದಲಿಸಬಹುದು ಎಂದು ಕೇಳಿಕೊಂಡು ಹೋಗುತ್ತಾನೆ. ಆತಿಥ್ಯದ ಲೋಕಕ್ಕೆ ಡಿಸ್ನಿ ಕೊಟ್ಟ ಅತ್ಯುತ್ತಮ ಕೊಡುಗೆ ಇದು. ಅದರ ಬಣ್ಣದ ಮೆರವಣಿಗೆಗಳಿಗಿಂತ ಹೆಚ್ಚಿನ ಬುದ್ಧಿ, ಹೆಚ್ಚಿನ ಕಾಳಜಿ ಈ ಪದ್ಧತಿಯಲ್ಲಿದೆ.

ಹಡಗಿನ ಮೆನುವಿನಲ್ಲಿ ಬೆಲೆಯ ಅಂಕಿ ಇಲ್ಲದಿರುವುದು ಇನ್ನೊಂದು ದೊಡ್ಡ ಸಂಗತಿ. ಊಟದ ಹಣ ಕೋಣೆಯ ಬಾಡಿಗೆಯಲ್ಲೇ ಸೇರಿರುತ್ತದೆ. ಮದ್ಯ, ವಿಶೇಷ ಕಾಫಿ ಹಾಗೂ ವಯಸ್ಕರಿಗಷ್ಟೇ ಮೀಸಲಾದ ಒಂದೆರಡು ರೆಸ್ಟೊರೆಂಟ್‌ಗಳಿಗೆ ಮಾತ್ರ ಬೇರೆ ಶುಲ್ಕ. ಹಾಗಾಗಿ ಹತ್ತು ವರ್ಷದ ಹುಡುಗಿಯೊಬ್ಬಳು ಬೆಳ್ಳುಳ್ಳಿ ಬೆಣ್ಣೆಯಲ್ಲಿ ಬೇಯಿಸಿದ ಬಸವನಹುಳು ಹೇಗಿರುತ್ತದೋ ನೋಡೋಣವೆಂದು ತರಿಸಬಹುದು. ಒಂದು ತುತ್ತಿಗೇ ಮುಖ ಕಿವುಚಿದರೆ ತಟ್ಟೆ ಒಳಗೆ ಹೋಗುತ್ತದೆ, ಬೇರೆ ತಟ್ಟೆ ಬರುತ್ತದೆ. ಅಪ್ಪ ಎರಡು ಮುಖ್ಯ ಭಕ್ಷ್ಯ ತರಿಸಿಕೊಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಗೊತ್ತಿಲ್ಲದ ರುಚಿಯನ್ನು ನೋಡುವ ಧೈರ್ಯ ಮಧ್ಯಮ ವರ್ಗದ ಕುಟುಂಬಕ್ಕೆ ಹೋಟೆಲಿನಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಬೆಲೆಯ ಕಾಲಮ್ಮು ಅದನ್ನು ತಡೆಯುತ್ತದೆ. ಹಡಗು ಆ ತಡೆಯನ್ನು ತೆಗೆದುಹಾಕಿದೆ. ಬಿಸಾಡುವ ಅನ್ನದ ಪ್ರಮಾಣವೂ ಇದರಿಂದ ಹೆಚ್ಚುತ್ತದೆ ಎಂಬುದು ನಿಜ. ಕೆರಿಬಿಯನ್ ಸಮುದ್ರದಲ್ಲಿ ಉಳಿದ ಆಹಾರವನ್ನು ನುಣ್ಣಗೆ ಅರೆದು, ದಡದಿಂದ 12 ನಾಟಿಕಲ್ ಮೈಲಿಯಾಚೆ ಮಾತ್ರ ನೀರಿಗೆ ಬಿಡಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ.

ಇಷ್ಟೆಲ್ಲ ಆದರದಿಂದ ಬಂದ ತಟ್ಟೆಯಲ್ಲಿ ಏನಿರುತ್ತದೆ? ಹಡಗು ಸೋಲುವುದು ಇಲ್ಲಿ. ನಾಲ್ಕು ಸಾವಿರ ಜನ, ಮೂರು ಶಾಲೆ, ಎರಡು ಪಂಕ್ತಿ ಎಂದರೆ ಒಂದೊಂದು ಶಾಲೆಯಲ್ಲಿ ಒಂದೊಂದು ಹೊತ್ತಿಗೆ ಆರುನೂರೈವತ್ತರಷ್ಟು ಜನ. ಎಲ್ಲರೂ ಹತ್ತಿಪ್ಪತ್ತು ನಿಮಿಷದ ಅಂತರದಲ್ಲಿ ಆರ್ಡರ್ ಕೊಡುತ್ತಾರೆ, ಎಲ್ಲರಿಗೂ ಒಟ್ಟಿಗೇ ಹಸಿವು. ಎಂಟು ಗಂಟೆಗೆ ಮುಂಚೆ ಶಾಲೆ ಖಾಲಿಯಾಗಿ, ಮೇಜುಗಳು ಮತ್ತೆ ಸಜ್ಜಾಗಬೇಕು. ಆದ್ದರಿಂದ ಮಾಂಸ, ಮೀನು, ಸಾರು ಎಲ್ಲವೂ ಹೊರೆಹೊರೆಯಾಗಿ ಮುಂಚಿತವಾಗಿ ಬೆಂದು ಬಿಸಿಪೆಟ್ಟಿಗೆಯಲ್ಲಿ ಕಾಯುತ್ತವೆ, ಮುಚ್ಚಳ ಹೊತ್ತ ತಟ್ಟೆಗಳು ದೊಡ್ಡ ಟ್ರೇಗಳಲ್ಲಿ ಸಾಗುತ್ತವೆ. ಬೆಂಕಿಯ ಭಯದಿಂದ ಹಡಗಿನ ಅಡುಗೆಮನೆಯಲ್ಲಿ ತೆರೆದ ಉರಿ ಇಡುವುದಿಲ್ಲ, ವಿದ್ಯುತ್ ಒಲೆಯೇ ಗತಿ. ಮದುವೆ ಮನೆಯ ಅಡುಗೆಭಟ್ಟರಿಗೆ ಈ ಕಷ್ಟ ಚೆನ್ನಾಗಿ ಗೊತ್ತು: ಸಾವಿರ ಎಲೆಗೆ ಹುಳಿ, ಪಾಯಸವನ್ನು ಸೊಗಸಾಗಿ ಮಾಡಬಹುದು, ಸಾವಿರ ಎಲೆಗೆ ಕಾವಲಿಯಿಂದ ಆಗತಾನೇ ಎದ್ದ ದೋಸೆ ಹಾಕಲಾಗದು.

ಹೀಗಾಗಿ ಹಡಗಿನ ಮೆನುವಿನಲ್ಲಿ ಕಾಯುವ ಗುಣವುಳ್ಳ ಪದಾರ್ಥಗಳೇ ಗೆಲ್ಲುತ್ತವೆ. ಸೂಪು, ನಿಧಾನ ಬೆಂದ ಮಾಂಸ, ಆಯಾ ದಿನವೇ ಸುಟ್ಟ ಬ್ರೆಡ್ಡು, ತಣ್ಣಗಿನ ಆರಂಭಿಕ ತಿನಿಸು ಇವು ನಿಜಕ್ಕೂ ಚೆನ್ನಾಗಿರುತ್ತವೆ. ಗರಿಗರಿಯಾಗಿರಬೇಕಾದದ್ದು ಮೆತ್ತಗಾಗುತ್ತದೆ. ಸ್ಟೇಕ್ ಒಬ್ಬರಿಗೆ ಹೇಳಿದ ಹದದಲ್ಲಿ, ಪಕ್ಕದವರಿಗೆ ಅದಕ್ಕಿಂತ ಎರಡು ಹದ ಮೀರಿ ಬರುತ್ತದೆ. ಮಸಾಲೆ ಯಾರನ್ನೂ ನೋಯಿಸದಷ್ಟು ಸಪ್ಪೆ. ಸಿಹಿತಿಂಡಿಗಳ ಆಕಾರ ರಾತ್ರಿ ರಾತ್ರಿಗೂ ಬದಲಾದರೂ ಕ್ರೀಮು, ಚಾಕೊಲೇಟಿನ ಒಂದೇ ಸವಿ ನಾಲಿಗೆಯಲ್ಲಿ ಉಳಿಯುತ್ತದೆ. ದಿನಸಿಯ ಮಿತಿ ಬೇರೆ. ಹಡಗು ಬಂದರಿಗೆ ಮರಳಿದ ದಿನ ಹಳೆಯ ಪ್ರಯಾಣಿಕರು ಇಳಿದು ಹೊಸಬರು ಹತ್ತುವ ಕೆಲವು ತಾಸುಗಳಲ್ಲೇ ಇಡೀ ಯಾನದ ತರಕಾರಿ, ಹಾಲು, ಮೀನು, ಮಾಂಸ ಒಳಗೆ ಬರಬೇಕು. ಹಿಂದಿನ ಯಾನಗಳಲ್ಲಿ ಏನು ಎಷ್ಟು ಖರ್ಚಾಯಿತು ಎಂಬ ಅಂದಾಜಿನ ಮೇಲೆ ಮೆನು ನಿಂತಿದೆ. ಅಡುಗೆಯವನಿಗೆ ಇವತ್ತು ಮಾರುಕಟ್ಟೆಯಲ್ಲಿ ಒಳ್ಳೆಯ ಮೀನು ಕಂಡಿತೆಂದು ಹೊಸದೊಂದನ್ನು ಮಾಡುವ ಅವಕಾಶವೇ ಇಲ್ಲ. ಶುಚಿತ್ವದಲ್ಲಿ ಮಾತ್ರ ಹಡಗಿನ ಅಡುಗೆಮನೆ ಯಾರಿಗೂ ಕಡಿಮೆಯಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 1975ರಲ್ಲಿ ಆರಂಭಿಸಿದ ತಪಾಸಣೆಯಲ್ಲಿ ನೂರಕ್ಕೆ 85 ಅಥವಾ ಅದಕ್ಕಿಂತ ಕಡಿಮೆ ಅಂಕ ಬಂದರೆ ಅನುತ್ತೀರ್ಣ, ಫಲಿತಾಂಶವನ್ನು ಎಲ್ಲರೂ ನೋಡಬಹುದು.

ನೆಲದ ಮೇಲಿನ ರೆಸ್ಟೊರೆಂಟ್‌ಗಳ ಕಥೆ ತಲೆಕೆಳಗಾದದ್ದು. ಅಲ್ಲಿ ಒಂದೊಂದಕ್ಕೂ ಅದರದೇ ಒಲೆ, ಅದರದೇ ಬಾಣಸಿಗ, ಅದರದೇ ಹಠ. ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಬೋಮಾ 2001ರಿಂದ ಆಫ್ರಿಕಾದ ನಾನಾ ಪ್ರದೇಶಗಳ ಸಾರು, ಧಾನ್ಯ, ಸುಟ್ಟ ಮಾಂಸಗಳ ಬಫೆ ನಡೆಸುತ್ತಿದೆ. ಕಂಟೆಂಪರರಿಯ ಹದಿನೈದನೆಯ ಮಹಡಿಯಲ್ಲಿ 1995ರಿಂದ ಇರುವ ಕ್ಯಾಲಿಫೋರ್ನಿಯಾ ಗ್ರಿಲ್ ಸುಶಿಗೂ ಕೆಂಡದ ಮಾಂಸಕ್ಕೂ ಹೆಸರಾದದ್ದು. ಪಾಲಿನೇಷಿಯನ್‌ನ ಒಹಾನದಲ್ಲಿ ನೂಡಲ್ಸು, ಕೋಳಿ, ಬ್ರೆಡ್ ಪುಡಿಂಗುಗಳನ್ನು ಮೇಜಿನ ಮಧ್ಯೆ ಇಟ್ಟು ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಕೆಳಮಟ್ಟದವೂ ಇವೆ. ಮಿಕ್ಕಿ, ಡೊನಾಲ್ಡ್ ವೇಷಧಾರಿಗಳು ಮೇಜಿಂದ ಮೇಜಿಗೆ ಬರುವ ಷೆಫ್ ಮಿಕ್ಕೀಸ್‌ನಲ್ಲಿ ಜನ ದುಡ್ಡು ಕೊಡುವುದು ಫೋಟೊಕ್ಕೆ. ಅಲ್ಲಿನ ಬಫೆ ಬರೀ ಸಾಧಾರಣ.

ನೆಲದ ಅಡುಗೆ ಎಲ್ಲಿಯವರೆಗೆ ಏರಬಲ್ಲದು ಎಂಬುದನ್ನು ತಿಳಿಯಲು ಅದೇ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ರೆಸ್ಟೊರೆಂಟಿಗೆ ಹೋಗಬೇಕು. 2009ರಲ್ಲಿ ಆರಂಭವಾದ ಇದು ಭಾರತೀಯ ಮಸಾಲೆಗಳನ್ನು ಆಫ್ರಿಕಾದ ಅಡುಗೆಯ ಜೊತೆ ಬೆರೆಸುತ್ತದೆ. ಕಿಟಕಿಯಾಚೆಯ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಒಳಗೆ ತಂದೂರ್ ಒಲೆ. ಇಲ್ಲಿನ ಹೆಸರುವಾಸಿ ತಿನಿಸು ಬ್ರೆಡ್ ಸರ್ವಿಸ್: ನಾನ್, ಈರುಳ್ಳಿ ಕುಲ್ಚಾ, ಪನೀರ್ ಪರಾಠಗಳ ಬುಟ್ಟಿ, ಅದರ ಪಕ್ಕದಲ್ಲಿ ಒಂಬತ್ತು ಪುಟ್ಟ ಬಟ್ಟಲು. ಸೌತೆಕಾಯಿ ರಾಯ್ತ, ಮಾವಿನ ಚಟ್ನಿ, ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ, ಬೆಳ್ಳುಳ್ಳಿ ಉಪ್ಪಿನಕಾಯಿ, ನಿಂಬೆ ಉಪ್ಪಿನಕಾಯಿ, ಕೆಂಪು ಮೆಣಸಿನ ಸಾಂಬಾಲ್, ಟೊಮ್ಯಾಟೊ ಖರ್ಜೂರದ ಜಾಮ್, ಹುರಿದ ಕ್ಯಾಪ್ಸಿಕಂನ ಹಮ್ಮಸ್. ನಾನ್ ಮುರಿದರೆ ಒಳಗಿಂದ ಹಬೆ ಏಳಬೇಕು, ಇಲ್ಲಿ ಏಳುತ್ತದೆ. ಉಪ್ಪಿನಕಾಯಿಯ ಖಾರವನ್ನು ಅಮೆರಿಕನ್ನರ ನಾಲಿಗೆಗೆಂದು ತೀರಾ ಇಳಿಸಿಲ್ಲ. ಉರಿಯಿಲ್ಲದ, ಆರುನೂರೈವತ್ತು ಜನಕ್ಕೆ ಒಮ್ಮೆಗೇ ಬಡಿಸಬೇಕಾದ ಹಡಗಿನ ಅಡುಗೆಮನೆಗೆ ಇಂಥ ಬುಟ್ಟಿ ಎಟುಕುವುದಿಲ್ಲ. ಥೀಮ್ ಪಾರ್ಕಿನ ಆವರಣದಲ್ಲಿ ಇಷ್ಟು ಪ್ರಾಮಾಣಿಕವಾದ ಅಡುಗೆ ಇದೆಯೆಂದು ಹೊಸಬರು ನಂಬುವುದು ಕಷ್ಟ.

ಈ ರುಚಿಯ ಬಾಗಿಲು ಮಾತ್ರ ಸುಲಭಕ್ಕೆ ತೆರೆಯುವುದಿಲ್ಲ. ಜನಪ್ರಿಯ ರೆಸ್ಟೊರೆಂಟ್‌ಗಳಿಗೆ 60 ದಿನ ಮುಂಚೆ ಮೇಜು ಕಾದಿರಿಸಬೇಕು. 2020ಕ್ಕೆ ಮುಂಚೆ ಈ ಅವಧಿ 180 ದಿನವಿತ್ತು, ಅಂದರೆ ಆರು ತಿಂಗಳಾಚೆ ಯಾವ ಮಂಗಳವಾರ ಏನು ತಿನ್ನಬೇಕೆನಿಸುತ್ತದೆ ಎಂದು ಈಗಲೇ ತೀರ್ಮಾನಿಸಬೇಕಿತ್ತು. ರೆಸಾರ್ಟಿನಲ್ಲಿ ತಂಗುವವರು ತಮ್ಮ ವಾಸ್ತವ್ಯದ ಅಷ್ಟೂ ದಿನಗಳಿಗೆ, ಹತ್ತು ದಿನದ ಮಿತಿಯೊಳಗೆ, ಒಂದೇ ಸಲ ಕಾದಿರಿಸಬಹುದು. ಹೊರಗೆ ತಂಗುವವರಿಗೆ ಆ ಅನುಕೂಲವಿಲ್ಲ. ಮಕ್ಕಳು ದಣಿದಿದ್ದಾರೆ, ಮಳೆ ಬಂತು, ಸವಾರಿಯ ಸರದಿ ಉದ್ದವಾಯಿತು, ಇವ್ಯಾವುದೂ ಮೇಜಿನ ವೇಳೆಯನ್ನು ಬದಲಿಸುವುದಿಲ್ಲ. ಹಡಗಿನಲ್ಲೂ ವೇಳೆ ನಿಗದಿಯೇ. ಆದರೆ ಅಲ್ಲಿ ಊಟದ ಶಾಲೆ ಕೋಣೆಯಿಂದ ಎರಡು ಮಹಡಿ ಆಚೆಗಿದೆ, ತಪ್ಪಿದರೂ ಹೊಟ್ಟೆ ತುಂಬಿಸಲು ಬೇರೆ ದಾರಿಗಳಿವೆ, ಹಣ ನಷ್ಟವಾಗುವುದಿಲ್ಲ.

ಹಣದ ವಿಷಯದಲ್ಲಿ ನೆಲದವರೂ ಹಡಗನ್ನು ಅನುಕರಿಸಲು ನೋಡಿದ್ದಾರೆ. 2005ರಲ್ಲಿ ಬಂದ ಡಿಸ್ನಿ ಡೈನಿಂಗ್ ಪ್ಲಾನ್‌ನಲ್ಲಿ ಊಟದ ದುಡ್ಡನ್ನು ಮುಂಚೆಯೇ ಕಟ್ಟಬಹುದಿತ್ತು. 2020ರ ಮಾರ್ಚ್‌ನಲ್ಲಿ ನಿಂತ ಅದು 2024ರ ಜನವರಿಯಲ್ಲಿ ಮರಳಿತು. ಮೇಲ್ನೋಟಕ್ಕೆ ಇದೂ ಹಡಗಿನಂತೆಯೇ ಕಾಣುತ್ತದೆ, ಉಣ್ಣುವಾಗಿನ ಅನುಭವ ಬೇರೆ. ಪ್ಲಾನ್ ಕೊಡುವುದು ಕೂಪನ್‌ಗಳನ್ನು: ಕೂತು ಉಣ್ಣುವ ಊಟಕ್ಕೆ ಇಷ್ಟು, ಕೌಂಟರಿನ ಊಟಕ್ಕೆ ಇಷ್ಟು, ತಿಂಡಿಗೆ ಇಷ್ಟು. ಕ್ಯಾಲಿಫೋರ್ನಿಯಾ ಗ್ರಿಲ್‌ನಂಥ ದುಬಾರಿ ಜಾಗದಲ್ಲಿ ಒಂದು ಊಟಕ್ಕೆ ಎರಡು ಕೂಪನ್ ಹೋಗುತ್ತವೆ. ಕಟ್ಟಿದ ಹಣ ದಕ್ಕಬೇಕೆಂದು ಕುಟುಂಬಗಳು ಮನಸ್ಸಿಗೆ ಹಿಡಿದದ್ದನ್ನು ಬಿಟ್ಟು ಮೆನುವಿನ ಅತಿ ದುಬಾರಿ ತಟ್ಟೆಯನ್ನು ಹುಡುಕುತ್ತವೆ, ಕೊನೆಯ ದಿನ ಉಳಿದ ಕೂಪನ್‌ಗಳಿಗೆ ಚಾಕೊಲೇಟ್ ಕೊಳ್ಳುತ್ತವೆ. ಹತ್ತು ವರ್ಷ ತುಂಬಿದ ಮಗುವಿಗೆ ದೊಡ್ಡವರ ದರ. ಎಣಿಸಬೇಕಾದ ಸಂಕಟ ಹಡಗಿನಲ್ಲಿ ಪೂರ್ತಿ ಮಾಯವಾಗುತ್ತದೆ, ಪ್ಲಾನ್ ಅದನ್ನು ಡಾಲರಿನಿಂದ ಕೂಪನ್ನಿಗೆ ವರ್ಗಾಯಿಸಿದೆ ಅಷ್ಟೆ.

ಅಡುಗೆ ದುಬಾರಿಯಾದಷ್ಟೂ ಹಡಗು ಮತ್ತು ನೆಲದ ಅಂತರ ಕಡಿಮೆಯಾಗುತ್ತದೆ. ಗ್ರ್ಯಾಂಡ್ ಫ್ಲೋರಿಡಿಯನ್ ರೆಸಾರ್ಟಿನಲ್ಲಿ 1988ರಿಂದ ಇರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್‌ಗೆ 2024ರಲ್ಲಿ ಮಿಶೆಲಿನ್ ನಕ್ಷತ್ರ ಬಂತು. ಅಲ್ಲಿ ಬಹುಕಾಲ ಮುಖ್ಯ ಬಾಣಸಿಗರಾಗಿದ್ದ ಸ್ಕಾಟ್ ಹನ್ನೆಲ್ ಅವರೇ ಫ್ರಾನ್ಸಿನ ಆರ್ನೋ ಲಾಲ್ಮಾಂ ಅವರೊಡನೆ ಕೂಡಿ ಡಿಸ್ನಿ ಡ್ರೀಮ್‌ನ ರೆಮಿ ರೆಸ್ಟೊರೆಂಟಿನ ಮೆನು ಕಟ್ಟಿದರು. ರೆಮಿಯಲ್ಲಿ ಕೆಲವೇ ಡಜನ್ ಕುರ್ಚಿಗಳು, ಬೇರೆ ಶುಲ್ಕ, ಹದಿನೆಂಟು ತುಂಬಿದವರಿಗೆ ಮಾತ್ರ ಪ್ರವೇಶ. ಒಂದೊಂದು ತಟ್ಟೆಯೂ ಆ ಕ್ಷಣಕ್ಕೆ ತಯಾರಾಗುತ್ತದೆ. ಇದರ ಅಡುಗೆ ನೆಲದ ಒಳ್ಳೆಯ ರೆಸ್ಟೊರೆಂಟುಗಳ ಸಾಲಿನಲ್ಲಿ ನಿಲ್ಲುವಂಥದ್ದು. ಸಮುದ್ರದಲ್ಲಿ ಒಳ್ಳೆಯ ಅಡುಗೆ ಸಾಧ್ಯವೇ ಇಲ್ಲ ಎಂಬ ಮಾತನ್ನು ರೆಮಿ ಸುಳ್ಳು ಮಾಡುತ್ತದೆ. ಅಡ್ಡಿಯಾಗಿರುವುದು ಪಂಕ್ತಿಯ ಗಾತ್ರ. ಆದರೆ ಬೆಲೆ ಮರಳಿ ಮೇಜಿಗೆ ಬಂದ ಕೂಡಲೇ, ಮಕ್ಕಳು ಹೊರಗುಳಿದ ಕೂಡಲೇ, ಹಡಗಿನ ಊಟಕ್ಕಿದ್ದ ವಿಶೇಷ ಗುಣ ಕಳೆದುಹೋಗುತ್ತದೆ. ಅದು ಸಮುದ್ರದಲ್ಲಿ ತೇಲುವ ಮತ್ತೊಂದು ದುಬಾರಿ ಹೋಟೆಲು.

ಊಟದ ಜೊತೆಗಿನ ಆಟ ಎರಡೂ ಕಡೆ ಇದೆ, ಅದರಲ್ಲಿ ಒಳ್ಳೆಯದು ಕೆಟ್ಟದ್ದು ಎರಡೂ ಇದೆ. ಅನಿಮೇಟರ್ಸ್ ಪ್ಯಾಲೆಟ್‌ನ ಒಂದು ಪ್ರಯೋಗ ನೆನಪಿಡುವಂಥದ್ದು. ಡಿಸ್ನಿ ಫ್ಯಾಂಟಸಿ ಹಡಗಿನಲ್ಲಿ 2012ರಲ್ಲಿ ಶುರುವಾದ ಇದರಲ್ಲಿ ಊಟಕ್ಕೆ ಕೂತವರಿಗೆ ಕಾಗದ, ಬಣ್ಣದ ಪೆನ್ನು ಕೊಟ್ಟು ಒಂದು ಮನುಷ್ಯಾಕೃತಿ ಬರೆಯಲು ಹೇಳುತ್ತಾರೆ. ಸರ್ವರ್ ಅವನ್ನು ಒಯ್ಯುತ್ತಾನೆ. ಸಿಹಿತಿಂಡಿಯ ಹೊತ್ತಿಗೆ ಗೋಡೆಯ ಪರದೆಗಳ ಮೇಲೆ ಆ ಗೀಚುಗಳೇ ಜೀವ ತಳೆದು ಡಿಸ್ನಿ ಪಾತ್ರಗಳ ಜೊತೆ ಕುಣಿಯುತ್ತವೆ. ಅಜ್ಜ ಬರೆದ ಸೊಟ್ಟ ಕಾಲಿನ ಗೊಂಬೆ ಪರದೆಗೆ ಬಂದಾಗ ಇಡೀ ಮೇಜು ಚಪ್ಪಾಳೆ ತಟ್ಟುತ್ತದೆ. ಉಣ್ಣುವವರ ಕೈಕೆಲಸವೇ ಆಟವಾದ್ದರಿಂದ ಇದು ಮಾತುಕತೆಯನ್ನು ಬೆಳೆಸುತ್ತದೆ. 2022ರ ಡಿಸ್ನಿ ವಿಶ್ ಹಡಗಿನ ಅರೆಂಡೆಲ್ ಶಾಲೆಯಲ್ಲಿ ಹಾಗಲ್ಲ. ಅಲ್ಲಿ ಫ್ರೋಜನ್ ಚಿತ್ರದ ಪಾತ್ರಗಳು ಊಟದ ನಡುವೆಯೇ ಹಾಡಿ ಕುಣಿಯುತ್ತವೆ. ಹಾಡು ಮುಗಿಯುವವರೆಗೆ ಪಕ್ಕದವರ ಮಾತು ಕೇಳದು, ತಟ್ಟೆಗಳು ಬರುವ ವೇಳೆಯನ್ನೂ ಪ್ರದರ್ಶನವೇ ನಿರ್ಧರಿಸುತ್ತದೆ. ಕ್ಯಾಲಿಫೋರ್ನಿಯಾ ಗ್ರಿಲ್ ಇದನ್ನು ಹೆಚ್ಚು ಹದವಾಗಿ ನಿಭಾಯಿಸಿದೆ. ಕೆಳಗೆ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಬಾಣಬಿರುಸು ಶುರುವಾಗುವಾಗ ದೀಪ ಮಂದವಾಗಿ ಅದರ ಸಂಗೀತ ಒಳಗೂ ಕೇಳುತ್ತದೆ. ಬೇಕಾದವರು ಎದ್ದು ಹೊರಗಿನ ಜಗಲಿಗೆ ಹೋಗಿ ನೋಡುತ್ತಾರೆ, ಉಳಿದವರು ಊಟ ಮುಂದುವರಿಸುತ್ತಾರೆ.

ಸಸ್ಯಾಹಾರಿಗಳಿಗೆ, ಅದರಲ್ಲೂ ಭಾರತದಿಂದ ಬಂದ ಹಿರಿಯರಿಗೆ, ಈ ಹೋಲಿಕೆ ಇನ್ನಷ್ಟು ಮುಖ್ಯ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರನ್ನು ಫ್ಲೋರಿಡಾಕ್ಕೆ ಕರೆದೊಯ್ಯುವಾಗ ಮೊದಲು ಚಿಂತೆ ಮಾಡುವುದು ಊಟದ್ದೇ. ಡಿಸ್ನಿ 2019ರಿಂದ ಪಾರ್ಕ್ ಮತ್ತು ರೆಸಾರ್ಟ್‌ಗಳ ಮೆನುಗಳಲ್ಲಿ ಸಂಪೂರ್ಣ ಸಸ್ಯಮೂಲದ ಪದಾರ್ಥಗಳಿಗೆ ಹಸಿರು ಎಲೆಯ ಗುರುತು ಹಾಕುತ್ತಿದೆ. ಗುರುತೇನೋ ಉಪಯುಕ್ತ, ಆದರೆ ಅದರ ಕೆಳಗಿರುವುದು ಹೆಚ್ಚಾಗಿ ಸಸ್ಯಮೂಲದ ಬರ್ಗರ್ ಅಥವಾ ಧಾನ್ಯದ ಬಟ್ಟಲು. ಅನ್ನ, ಬೇಳೆ, ಮೊಸರು ಬೇಡುವ ಹೊಟ್ಟೆಗೆ ಅದು ಒಗ್ಗದು. ಬೆಳ್ಳುಳ್ಳಿ, ಈರುಳ್ಳಿ ಬಿಟ್ಟವರು ಪ್ರತಿ ರೆಸ್ಟೊರೆಂಟಿನಲ್ಲೂ ಹೊಸ ಸರ್ವರ್‌ಗೆ ಮೊದಲಿಂದ ವಿವರಿಸಬೇಕು. ಹಡಗಿನಲ್ಲಿ ಮೊದಲ ರಾತ್ರಿ ಹೆಡ್ ಸರ್ವರ್‌ಗೆ ಹೇಳಿದರೆ ಮರುದಿನದಿಂದ ಮೆನುವಿನಲ್ಲಿಲ್ಲದ ದಾಲ್, ಪಲ್ಯ, ಪನೀರು, ಅನ್ನ ಮೇಜಿಗೆ ಬರುತ್ತವೆ. ಹಡಗಿನ ಅಡುಗೆಮನೆಗಳಲ್ಲಿ ಭಾರತದ ಅಡುಗೆಯವರು ಇರುವುದರಿಂದ ಆ ದಾಲ್‌ಗೆ ಒಗ್ಗರಣೆಯೂ ಬಿದ್ದಿರುತ್ತದೆ. ಸನಾದ ಬುಟ್ಟಿ ಒಂದು ಸಂಜೆಗೆ ಸರಿ. ಏಳು ದಿನ ಉಣ್ಣಬೇಕಾದ ಅಜ್ಜಿಗೆ ಹಡಗೇ ಮೇಲು.

ಇಷ್ಟು ಅಕ್ಕರೆಯಿಂದ ನೋಡಿಕೊಳ್ಳುವವರ ದುಡಿಮೆ ಹೇಗಿದೆ ಎಂಬುದನ್ನು ಈ ಹೋಲಿಕೆಯಿಂದ ಬಿಡಲಾಗದು. ಡಿಸ್ನಿ ವರ್ಲ್ಡ್‌ನ ನೌಕರರಿಗೆ ಕಾರ್ಮಿಕ ಸಂಘಗಳಿವೆ, ಸಂಬಳದ ಮಾತುಕತೆ ಒಟ್ಟಾಗಿ ನಡೆಯುತ್ತದೆ. ಬಡಿಸುವವರು ಬಿಲ್ಲಿನ ಮೇಲೆ ನೂರಕ್ಕೆ ಹದಿನೆಂಟು ಇಪ್ಪತ್ತರಷ್ಟು ಟಿಪ್ಸ್ ಪಡೆದು, ಪಾಳಿ ಮುಗಿದ ಮೇಲೆ ಮನೆಗೆ ಹೋಗುತ್ತಾರೆ. ಡಿಸ್ನಿ ಹಡಗುಗಳು ನೋಂದಣಿಯಾಗಿರುವುದು ಬಹಾಮಾಸ್‌ನಲ್ಲಿ, ಅಮೆರಿಕದ ಕನಿಷ್ಠ ವೇತನ ಅಲ್ಲಿ ಅನ್ವಯಿಸುವುದಿಲ್ಲ. ಸಿಬ್ಬಂದಿ ಹತ್ತಾರು ದೇಶಗಳವರು, ಒಮ್ಮೆ ಹತ್ತಿದರೆ ಹಲವು ತಿಂಗಳ ಒಪ್ಪಂದ. ಗೋವಾದಿಂದ ಹಿಡಿದು ಕಾರವಾರ, ಉಡುಪಿ, ಮಂಗಳೂರಿನವರೆಗಿನ ಕರಾವಳಿಯ ಎಷ್ಟೋ ಮನೆಗಳು ಇಂಥ ಕ್ರೂಸ್ ಹಡಗುಗಳ ದುಡಿಮೆಯಿಂದ ಎದ್ದು ನಿಂತಿವೆ, ಅದರ ಬೆಲೆಯೂ ಆ ಮನೆಗಳಿಗೆ ಗೊತ್ತು. 2013ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಡಂಬಡಿಕೆಯ ಪ್ರಕಾರವೂ ದಿನಕ್ಕೆ 14 ತಾಸು, ವಾರಕ್ಕೆ 72 ತಾಸಿನವರೆಗೆ ದುಡಿಸಿಕೊಳ್ಳಲು ಅವಕಾಶವಿದೆ. ಎರಡನೆಯ ರಾತ್ರಿ ಅಜ್ಜಿಯ ಲೋಟದಲ್ಲಿ ಐಸ್ ಇಲ್ಲದ ನೀರು ಇಡುವ ಸಹಾಯಕ ಬೆಳಗಿನ ತಿಂಡಿಗೂ, ಮಧ್ಯಾಹ್ನದ ಬಫೆಗೂ ನಿಂತು ಬಂದವನು.

ಮುಖ ಬದಲಾಗಬಾರದು ಎಂಬ ಪದ್ಧತಿಯಿಂದಾಗಿಯೇ ವಿರಾಮ ಕೊಡಲಾಗದು ಎಂಬ ವಾದ ನಿಲ್ಲುವುದಿಲ್ಲ. ಡಿಸ್ನಿಯ ಫ್ಲೋರಿಡಾ ಯಾನಗಳಲ್ಲಿ ಬಹಳಷ್ಟು ಮೂರು, ನಾಲ್ಕು ಅಥವಾ ಏಳು ರಾತ್ರಿಯವು. ಕುಟುಂಬಕ್ಕೂ ಸರ್ವರ್‌ಗೂ ಇರುವ ನಂಟು ಆ ಯಾನದೊಡನೆ ಮುಗಿಯುತ್ತದೆ, ಮುಂದಿನ ಯಾನಕ್ಕೆ ಹೇಗಿದ್ದರೂ ಹೊಸ ಮುಖಗಳೇ. ಯಾನದೊಳಗೆ ತಂಡವನ್ನು ಒಡೆಯದೆ, ಯಾನ ಯಾನದ ನಡುವೆ ಸರದಿಯಂತೆ ಪೂರ್ಣ ದಿನಗಳ ರಜೆ ಕೊಡಲು ಬೇಕಾಗಿರುವುದು ಇನ್ನಷ್ಟು ಸಿಬ್ಬಂದಿ ಮತ್ತು ಅವರಿಗೆ ಮಲಗಲು ಇನ್ನಷ್ಟು ಕೋಣೆಗಳು. ಆ ಕೋಣೆಗಳ ಖರ್ಚನ್ನು ಟಿಕೆಟ್ಟಿನ ದರದಲ್ಲಿ ಸೇರಿಸಿದರೆ ಅದನ್ನು ಕೊಡಲು ಒಪ್ಪುವ ಪ್ರಯಾಣಿಕರು ಡಿಸ್ನಿಗೆ ಖಂಡಿತ ಸಿಗುತ್ತಾರೆ. ಅವರು ಈಗಲೂ ಉಳಿದ ಕಂಪನಿಗಳಿಗಿಂತ ಹೆಚ್ಚು ದರ ಕೊಟ್ಟು ಇದೇ ಹಡಗನ್ನು ಆರಿಸಿಕೊಳ್ಳುತ್ತಿದ್ದಾರೆ, ಹಾಗೆ ಆರಿಸಿಕೊಳ್ಳಲು ಈ ಬಡಿಸುವವರೂ ಒಂದು ಮುಖ್ಯ ಕಾರಣ.